ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡವರಿಗೆ ಕೃತಜ್ಞತೆ ಹೇಳುವುದು, ಗೌರವಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಸ್ಪತ್ರೆಯೊಂದರ ಸಹಾಯ ಕೇಂದ್ರದಲ್ಲಿ ಸ್ವಯಂಸೇವಕಿ. ಡಿಸ್ಚಾರ್ಜ್ ಆಗಿ ಹೊರಡುವ ಗಡಿಬಿಡಿಯಲ್ಲೂ ಮನೆಯವರು ನಿಂತು ಕೇಳುವ ಪ್ರಶ್ನೆಗಳು, ಆಮೇಲೆ ಪತ್ರದಲ್ಲಿ ಬರೆದು ಕೇಳುವವು, ಬೇರೆ ಆಸ್ಪತ್ರೆಗಳ ಆಡಳಿತದವರು ವಿಚಾರಿಸುವವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳನ್ನು ಕರ್ನಾಟಕದ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

## ರೋಗಿಗಳು ಮತ್ತು ಮನೆಯವರು ಕೇಳುವುದು

ಅವರ ಕೆಲಸ ಅವರು ಮಾಡಿದ್ದಾರೆ, ಅದಕ್ಕೆ ಸಂಬಳವೂ ಬರುತ್ತದೆ. ಬೇರೆಯಾಗಿ ಕೃತಜ್ಞತೆ ಏಕೆ ಹೇಳಬೇಕು?

ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡುವುದು, ಡ್ರಿಪ್ ಬದಲಿಸುವುದು, ಬಿಪಿ ನೋಡಿ ಕೇಸ್ ಶೀಟಿನಲ್ಲಿ ಬರೆಯುವುದು ಸಂಬಳದ ಕೆಲಸ, ನಿಜ. ಆದರೆ ಬಟ್ಟೆ ಬದಲಿಸುವ ಮುಂಚೆ ಸುತ್ತ ಪರದೆ ಎಳೆದು, "ಅಜ್ಜಿ, ಈಗ ಸ್ವಲ್ಪ ತಣ್ಣಗಾಗುತ್ತದೆ" ಎಂದು ಎಚ್ಚರಿಸಿ ಮೈ ಒರೆಸಿದ್ದು ಯಾವ ರಿಜಿಸ್ಟರಿನಲ್ಲೂ ನಮೂದಾಗುವುದಿಲ್ಲ.

ಆಸ್ಪತ್ರೆಯ ಕಡತಗಳಲ್ಲಿ ತಪ್ಪಿಗೆ ಮಾತ್ರ ಜಾಗವಿದೆ. ತಡವಾಗಿ ಬಂದರೆ ಹಾಜರಿ ಪುಸ್ತಕದಲ್ಲಿ ಗುರುತು, ಔಷಧ ತಪ್ಪಿದರೆ ಕಾರಣ ಕೇಳಿ ನೋಟಿಸ್, ರೋಗಿಯ ಕಡೆಯವರು ಕೂಗಾಡಿದರೆ ಲಿಖಿತ ವಿವರಣೆ. ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ಮನಸ್ಸಿಟ್ಟು ದುಡಿದವರ ಕಡತದಲ್ಲಿ ಒಳ್ಳೆಯ ಮಾತು ಒಂದು ಸಾಲೂ ಇಲ್ಲದಿರಬಹುದು. ಆ ಸಾಲನ್ನು ಬರೆಯಬಲ್ಲವರು ನೀವು. ಏಕೆಂದರೆ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಚ್ಚರವಾಗಿದ್ದು ನೋಡಿದವರು ನೀವು, ಮೇಲಧಿಕಾರಿಯಲ್ಲ.

ಡಾಕ್ಟರ್ ಹೆಸರು ಚೀಟಿಯಲ್ಲಿದೆ. ಉಳಿದವರ ಹೆಸರು ಗೊತ್ತಿಲ್ಲ. ಯಾರೆಂದು ಬರೆಯಲಿ?

ಹೆಸರು ಗೊತ್ತಿಲ್ಲದಿದ್ದರೆ ವಾರ್ಡು, ದಿನಾಂಕ, ಪಾಳಿ ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಪಾಳಿಗಳಿರುತ್ತವೆ. ಡ್ಯೂಟಿ ಪಟ್ಟಿ ತೆಗೆದರೆ ಯಾರೆಂದು ತಿಳಿಯುತ್ತದೆ. ನಿಮ್ಮ ಒಳರೋಗಿ ಸಂಖ್ಯೆಯನ್ನೂ ಹಾಕಿ. ಸಾಧ್ಯವಾದರೆ ಹೊರಡುವ ಮೊದಲು ನೇರವಾಗಿ ಕೇಳಿಬಿಡಿ: "ನಿಮ್ಮ ಹೆಸರೇನು, ತಾಯಿ?" ವಾರಗಟ್ಟಲೆ "ಸಿಸ್ಟರ್", "ಆಯಮ್ಮ" ಎಂದಷ್ಟೇ ಕರೆಸಿಕೊಂಡವರಿಗೆ ಈ ಪ್ರಶ್ನೆಯೇ ಸಂತೋಷ ಕೊಡುತ್ತದೆ.

ವೈದ್ಯರು ಮತ್ತು ಸಿಸ್ಟರ್‌ಗಳ ಆಚೆಗೂ ಯೋಚಿಸಿ. ಸ್ಟ್ರೆಚರ್ ತಳ್ಳುವಾಗ ಪ್ರತಿ ಉಬ್ಬಿನಲ್ಲೂ ನಿಧಾನಿಸಿದ ವಾರ್ಡ್ ಬಾಯ್, ರಕ್ತನಾಳ ಸಿಗದ ಮಗುವಿನ ಕೈಯನ್ನು ಮತ್ತೆ ಮತ್ತೆ ಚುಚ್ಚದೆ ಹಿರಿಯರನ್ನು ಕರೆತಂದ ಲ್ಯಾಬ್ ಟೆಕ್ನಿಷಿಯನ್, ಮಾತ್ರೆ ಯಾವುದನ್ನು ಯಾವಾಗ ನುಂಗಬೇಕೆಂದು ಓದಲು ಬಾರದವರಿಗೆ ಬಿಡಿಸಿ ಹೇಳಿದ ಫಾರ್ಮಸಿಸ್ಟ್, ಇವರ ಬಗ್ಗೆ ಪತ್ರ ಬರುವುದು ತೀರಾ ಅಪರೂಪ. 108 ಆಂಬುಲೆನ್ಸ್ ಸಿಬ್ಬಂದಿಯ ಕಥೆಯೂ ಅದೇ. 2008ರಿಂದ ಆರೋಗ್ಯ ಕವಚದ ವಾಹನಗಳು ರಾಜ್ಯದಲ್ಲಿ ಓಡುತ್ತಿವೆ. ಜೀವ ಉಳಿಸಿ ತಂದವರು ರೋಗಿಯನ್ನು ತುರ್ತು ವಿಭಾಗದ ಬಾಗಿಲಲ್ಲಿ ಒಪ್ಪಿಸಿ ಮುಂದಿನ ಕರೆಗೆ ಹೊರಟುಹೋಗುತ್ತಾರೆ. ವಾಹನದ ಸಂಖ್ಯೆ, ದಿನ, ಸಮಯ ಬರೆದಿಟ್ಟುಕೊಂಡರೆ ಅವರನ್ನೂ ಹುಡುಕಬಹುದು.

ಮಗು ಹುಟ್ಟಿದ ಖುಷಿಗೆ ಇನ್ನೂರು, ಐನೂರು ಕೊಟ್ಟರೆ ತಪ್ಪೇ? ನಾವಾಗಿಯೇ ಕೊಡುತ್ತಿದ್ದೇವೆ.

ಸರ್ಕಾರಿ ಆಸ್ಪತ್ರೆಯಲ್ಲಿ ತಪ್ಪು. ಕೊಡಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ನೀವು ಖುಷಿಯಿಂದ ಕೊಟ್ಟದ್ದು ಮುಂದಿನ ಹಾಸಿಗೆಯವರಿಗೆ ದರವಾಗಿಬಿಡುತ್ತದೆ. ಗಂಡು ಮಗುವಿಗೆ ಇಷ್ಟು, ಹೆಣ್ಣು ಮಗುವಿಗೆ ಇಷ್ಟು ಎಂದು ಹೆರಿಗೆ ವಾರ್ಡುಗಳಲ್ಲಿ ಕೇಳಿಬರುವ ಮಾತು ಹುಟ್ಟಿದ್ದು ಇಂಥ ಖುಷಿಯಿಂದಲೇ. ಕೂಲಿ ಬಿಟ್ಟು ಬಂದ ಮನೆಯವರು ಮಗುವಿನ ಮುಖ ನೋಡುವ ಮೊದಲು ಜೇಬು ತಡಕಬೇಕಾಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಬೇಕು: 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಮಣಿದು ಕೊಟ್ಟವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆ ಇದೆ, ಆದರೆ ಏಳು ದಿನದೊಳಗೆ ದೂರು ಕೊಡಬೇಕು. ಯಾರಾದರೂ ಕೇಳಿದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ತಿಳಿಸಿ, ಲೋಕಾಯುಕ್ತಕ್ಕೂ ಹೋಗಬಹುದು.

ಹಣ ಮುಟ್ಟದೆ ಕೆಲಸ ಮಾಡುವ ಆಯಮ್ಮಂದಿರು ಎಷ್ಟೋ ಜನ ಇದ್ದಾರೆ. ಅವರನ್ನು ಉಳಿದವರಿಂದ ಬೇರೆಯಾಗಿ ಕಾಣಿಸುವುದು ನಿಮ್ಮ ಪತ್ರ. "ಒಂದು ರೂಪಾಯಿಯನ್ನೂ ಕೇಳಲಿಲ್ಲ, ಕೊಟ್ಟರೂ ತೆಗೆದುಕೊಳ್ಳಲಿಲ್ಲ" ಎಂಬುದನ್ನು ಅದರಲ್ಲಿ ತಪ್ಪದೆ ಬರೆಯಿರಿ.

ಹಾಗಾದರೆ ಸಿಹಿ, ಹಣ್ಣು, ಸೀರೆ?

ಸಿಹಿಯನ್ನು ಇಡೀ ವಾರ್ಡಿನ ಸಿಬ್ಬಂದಿಗೆಂದು, ಡಿಸ್ಚಾರ್ಜ್ ಆದ ಮೇಲೆ ಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ. ರಾತ್ರಿ ಪಾಳಿಯವರನ್ನು ಮರೆಯಬೇಡಿ. ಬೆಳಿಗ್ಗೆ ಹಂಚಿದ ಡಬ್ಬಿ ಸಂಜೆಗೆ ಖಾಲಿಯಾಗಿರುತ್ತದೆ. ಸೀರೆ, ವಾಚು, ಒಬ್ಬರಿಗೇ ಎಂದು ಕೊಡುವ ಯಾವುದೇ ವಸ್ತು ಬೇಡ. ಸರ್ಕಾರಿ ನೌಕರರ ನಡತೆ ನಿಯಮಗಳು ಅವರನ್ನೇ ಕಷ್ಟಕ್ಕೆ ಸಿಕ್ಕಿಸಬಹುದು.

"ಚೆನ್ನಾಗಿ ನೋಡಿಕೊಂಡರು" ಎನ್ನುವುದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ. ಪತ್ರದಲ್ಲಿ ಏನಿರಬೇಕು?

ಮೂರು ಸಂಗತಿ ಇದ್ದರೆ ಸಾಕು: ರೋಗಿಯ ಸ್ಥಿತಿ ಹೇಗಿತ್ತು, ಅವರು ಏನು ಮಾಡಿದರು, ಅದರಿಂದ ಏನಾಯಿತು. ಭಾಷೆ ಚೆನ್ನಾಗಿರಬೇಕೆಂದಿಲ್ಲ. ಮಾದರಿಗೆ ಹೀಗೆ ಬರೆಯಬಹುದು:

"ಮಾರ್ಚ್ 14ರ ರಾತ್ರಿ ಪಾಳಿ, ಪುರುಷರ ಮೆಡಿಸಿನ್ ವಾರ್ಡ್, ಹಾಸಿಗೆ 22. ಪಾರ್ಶ್ವವಾಯು ಬಡಿದು ನನ್ನ ತಂದೆಯ ಎಡಭಾಗ ಸ್ವಾಧೀನದಲ್ಲಿರಲಿಲ್ಲ, ಮಾತೂ ಹೊರಡುತ್ತಿರಲಿಲ್ಲ. ಆ ರಾತ್ರಿಯ ಸಿಸ್ಟರ್ ಎರಡು ಗಂಟೆಗೊಮ್ಮೆ ಬಂದು ಮಗ್ಗುಲು ಬದಲಿಸಿದರು. ಪ್ರತಿ ಸಲವೂ ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿದರು. ಹೇಗೆ ಹೊರಳಿಸಬೇಕು, ದಿಂಬು ಎಲ್ಲಿಡಬೇಕು ಎಂಬುದನ್ನು ನನ್ನ ಕೈಯಿಂದಲೇ ಮಾಡಿಸಿದರು. ಹದಿನೆಂಟು ದಿನ ಮಲಗಿದ್ದರೂ ತಂದೆಗೆ ಹಾಸಿಗೆ ಹುಣ್ಣಾಗಲಿಲ್ಲ."

ಇದನ್ನು ಓದಿದ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಹಾಸಿಗೆ ಹುಣ್ಣು ತಡೆಯುವುದು ಶುಶ್ರೂಷೆಯ ಕಷ್ಟದ ಕೆಲಸಗಳಲ್ಲಿ ಒಂದು. ಆಗದೆ ಹೋದ ಹುಣ್ಣು ಯಾರಿಗೂ ಕಾಣುವುದಿಲ್ಲ. ಮನೆಯವರಿಗೆ ಕಲಿಸಿ ಕಳುಹಿಸಿದ್ದರಿಂದ ಮನೆಗೆ ಹೋದ ಮೇಲೂ ಆರೈಕೆ ಮುಂದುವರಿಯಿತು. ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ಇಂಥ ಪತ್ರವನ್ನು ಓದಿ ಹೇಳಿದರೆ ಅದು ಪಾಠವೂ ಆಗುತ್ತದೆ. "ದೇವರಂಥ ಸಿಸ್ಟರ್" ಎಂಬ ಮಾತಿನಿಂದ ಇದಾವುದೂ ಆಗುವುದಿಲ್ಲ. ಆ ಮಾತನ್ನು ಮುಖತಃ ಹೇಳಿ, ಕಾಗದದಲ್ಲಿ ಕೆಲಸವನ್ನು ಬರೆಯಿರಿ.

ಬರೆಯಲು ಬಾರದವರು ಸಹಾಯ ಕೇಂದ್ರದಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಆಗುತ್ತದೆ. ನಾವು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ.

ಪತ್ರ ಯಾರಿಗೆ ಕೊಡಬೇಕು? ಸಲಹಾ ಪೆಟ್ಟಿಗೆಗೆ ಹಾಕಿದರೆ ಯಾರಾದರೂ ಓದುತ್ತಾರೆಯೇ?

ಪೆಟ್ಟಿಗೆಯನ್ನು ನಂಬಿ ಕೂರಬೇಡಿ. ಕೆಲವು ಆಸ್ಪತ್ರೆಗಳಲ್ಲಿ ಬೀಗದ ಕೈ ಯಾರ ಹತ್ತಿರ ಇದೆಯೆಂದು ಹುಡುಕುವುದೇ ಒಂದು ಕೆಲಸ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯಕೀಯ ಅಧೀಕ್ಷಕರಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆಡಳಿತ ವೈದ್ಯಾಧಿಕಾರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದವರ ಬಗ್ಗೆಯಾದರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ, ಇನ್ನೊಂದು ಆ ವ್ಯಕ್ತಿಯ ಕೈಗೇ. ಕೊನೆಯದು ಅತಿ ಮುಖ್ಯ. ಕಚೇರಿಯ ಪ್ರತಿ ಕಡತದಲ್ಲಿ ಕಳೆದುಹೋದರೂ ಅವರ ಮನೆಯ ಬೀರುವಿನಲ್ಲಿ ಒಂದು ಉಳಿಯುತ್ತದೆ.

ಇದರ ಜೊತೆಗೆ, ಸರ್ಕಾರಿ ಆಸ್ಪತ್ರೆಗಳ ರೋಗಿಗಳ ಅಭಿಪ್ರಾಯ ಕೇಳಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ "ಮೇರಾ ಅಸ್ಪತಾಲ್" ವ್ಯವಸ್ಥೆ ಇದೆ. ಚಿಕಿತ್ಸೆಯ ನಂತರ ಮೊಬೈಲಿಗೆ ಸಂದೇಶ ಬಂದರೆ ಮೋಸದ ಸಂದೇಶವೆಂದುಕೊಂಡು ಅಳಿಸುವ ಮುಂಚೆ ಒಮ್ಮೆ ಓದಿ ನೋಡಿ. ಅಲ್ಲಿ ವ್ಯಕ್ತಿಗೆ ಹೆಸರು ಬರುವುದಿಲ್ಲ, ಆಸ್ಪತ್ರೆಗೆ ಅಂಕ ಬರುತ್ತದೆ. ಆದ್ದರಿಂದ ಪತ್ರವನ್ನೂ ಬರೆಯಿರಿ.

ನನ್ನ ತಾಯಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಆದರೂ ಆ ಸಿಸ್ಟರ್‌ಗೆ ಏನಾದರೂ ಹೇಳಬೇಕು ಎನಿಸುತ್ತದೆ. ಇದು ಸರಿಯೇ?

ಖಂಡಿತ ಸರಿ. ಗುಣವಾಗಿ ಹೋದವರು ಕೈಮುಗಿದು ಹೋಗುತ್ತಾರೆ. ತೀರಿಕೊಂಡವರ ಮನೆಯವರು ಶವ ಪಡೆದು ಹೊರಟವರು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ, ಹತ್ತಲು ಮನಸ್ಸೂ ಬರುವುದಿಲ್ಲ. ಹಾಗಾಗಿ ಕೊನೆಯ ದಿನಗಳಲ್ಲಿ ಜೊತೆಗಿದ್ದ ಸಿಬ್ಬಂದಿಗೆ ತಾವು ಮಾಡಿದ್ದು ಸಾಲದೇನೋ ಎಂಬ ಭಾರ ಉಳಿದುಬಿಡುತ್ತದೆ. ನಿಮ್ಮ ಎರಡು ಸಾಲು ಅದನ್ನು ಇಳಿಸುತ್ತದೆ.

ಅಮೆರಿಕದಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು 1999ರಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕಾಯಿಲೆಯಿಂದ 33ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದ ವಾರಗಳಲ್ಲಿ ದಾದಿಯರು ಮಗನನ್ನು, ತಮ್ಮನ್ನು ನೋಡಿಕೊಂಡ ರೀತಿಯನ್ನು ನೆನೆದು ಅವರ ಮನೆಯವರು "ಡೈಸಿ" ಪ್ರಶಸ್ತಿಯನ್ನು ಹುಟ್ಟುಹಾಕಿದರು. ರೋಗಿಗಳು ಮತ್ತು ಮನೆಯವರು ತಮ್ಮ ಅನುಭವ ಬರೆದು ದಾದಿಯರ ಹೆಸರು ಸೂಚಿಸುತ್ತಾರೆ. ಇಂದು ಅದು ಹಲವು ದೇಶಗಳ ಸಾವಿರಾರು ಆಸ್ಪತ್ರೆಗಳಲ್ಲಿದೆ. ಅದರ ಮೂಲದಲ್ಲಿರುವುದು ಗುಣವಾದ ರೋಗಿಯಲ್ಲ, ಮಗನನ್ನು ಕಳೆದುಕೊಂಡ ಮನೆ.

ಹದಿಮೂರನೇ ದಿನದ ಕಾರ್ಯ ಮುಗಿದು ಮನಸ್ಸು ಸ್ವಲ್ಪ ತಹಬಂದಿಗೆ ಬಂದ ಮೇಲೆ ಬರೆಯಿರಿ. ವರ್ಷ ಕಳೆದಿದ್ದರೂ ಪರವಾಗಿಲ್ಲ.

ಒಬ್ಬ ಸಿಸ್ಟರ್ ಬಹಳ ಒಳ್ಳೆಯವರು, ಇನ್ನೊಬ್ಬರು ಎಲ್ಲರೆದುರು ಬೈದರು. ಎರಡನ್ನೂ ಒಂದೇ ಪತ್ರದಲ್ಲಿ ಬರೆಯಲೇ?

ಬೇಡ, ಬೇರೆ ಬೇರೆ ಬರೆಯಿರಿ. ಒಂದೇ ಪತ್ರದಲ್ಲಿದ್ದರೆ ಅದು ದೂರಿನ ಕಡತಕ್ಕೆ ಹೋಗುತ್ತದೆ, ಒಳ್ಳೆಯವರ ಹೆಸರು ಅಲ್ಲೇ ಹೂತುಹೋಗುತ್ತದೆ. ಸಾಲದ್ದಕ್ಕೆ ಸಹೋದ್ಯೋಗಿಗಳ ನಡುವೆ ಮನಸ್ತಾಪ. ದೂರಿಗೆ ಆರೋಗ್ಯ ಸಹಾಯವಾಣಿ 104 ಇದೆ, ಲಿಖಿತವಾಗಿಯೂ ಕೊಡಬಹುದು.

ಸಿಸ್ಟರ್ ಜೊತೆ ಫೋಟೊ ತೆಗೆದು ಫೇಸ್‌ಬುಕ್‌ನಲ್ಲಿ ಹಾಕಿ ಹೊಗಳಿದೆ. ಆಸ್ಪತ್ರೆಯವರು ತೆಗೆಯಿರಿ ಎನ್ನುತ್ತಿದ್ದಾರೆ. ಏಕೆ?

ಚಿತ್ರದ ಹಿಂಬದಿಯಲ್ಲಿ ಪಕ್ಕದ ಹಾಸಿಗೆಯವರು, ಗೋಡೆಯ ಮೇಲಿನ ರೋಗಿಗಳ ಪಟ್ಟಿ, ಕೇಸ್ ಶೀಟು ಕಂಡಿರಬಹುದು. ಯಾವ ವಾರ್ಡಿನಲ್ಲಿ ಇದ್ದರು ಎಂಬುದೇ ಕಾಯಿಲೆಯನ್ನು ಹೇಳಿಬಿಡುತ್ತದೆ. ಎಚ್‌ಐವಿ ಸೋಂಕಿತರ ಗುರುತು ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ. ಸಿಸ್ಟರ್‌ಗೂ ತಮ್ಮ ಮುಖ ಊರಿಗೆಲ್ಲ ಹೋಗುವುದು ಇಷ್ಟವಿಲ್ಲದಿರಬಹುದು, ಮೊದಲು ಕೇಳಿ. ಹಾಕಲೇಬೇಕೆಂದಿದ್ದರೆ ಗೇಟಿನ ಹೊರಗೆ, ಅವರ ಒಪ್ಪಿಗೆಯೊಂದಿಗೆ ತೆಗೆದ ಚಿತ್ರ ಹಾಕಿ.

## ಸ್ವಯಂಸೇವಕರ ಬಗ್ಗೆ

ಸ್ವಯಂಸೇವಕರಿಗೆ ಸಂಬಳವಿಲ್ಲ. ಏನು ಕೊಟ್ಟು ಗೌರವಿಸಬೇಕು?

ಮೊದಲು ತರಬೇತಿ, ಗುರುತಿನ ಚೀಟಿ, ಕುಳಿತುಕೊಳ್ಳಲು ಜಾಗ. ಗೇಟಿನಲ್ಲಿ ಪ್ರತಿದಿನ "ಯಾರು ನೀವು?" ಎಂದು ತಡೆಸಿಕೊಳ್ಳುವವರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸಿದರೆ ಅದು ಗೌರವವಾಗುವುದಿಲ್ಲ.

ಉಪಶಾಮಕ ಆರೈಕೆ, ಅಂದರೆ ಕಾಯಿಲೆ ಗುಣವಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ, ನೀಡುವ ಕೇಂದ್ರಗಳಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಬೆಂಗಳೂರಿನ ಕರುಣಾಶ್ರಯ 1999ರಿಂದ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕೇರಳದಲ್ಲಿ ಊರಿನವರೇ ತರಬೇತಿ ಪಡೆದು, ಮಲಗಿದಲ್ಲೇ ಇರುವ ರೋಗಿಗಳ ಮನೆಗೆ ನರ್ಸ್ ಜೊತೆ ಹೋಗುವ ಪದ್ಧತಿ ಬೇರುಬಿಟ್ಟಿದೆ. ಇಂಥ ಕಡೆ ಸ್ವಯಂಸೇವಕರ ಕೆಲಸವೆಂದರೆ ಹೆಚ್ಚಾಗಿ ಕೂತು ಕೇಳುವುದು. ಒಂದು ಮಧ್ಯಾಹ್ನವಿಡೀ ಒಬ್ಬರ ಪಕ್ಕ ಕುಳಿತು, ಅವರು ಹೇಳಿದ ಮಗಳ ಮದುವೆಯ ಸಾಲದ ಚಿಂತೆಯನ್ನು ವೈದ್ಯರಿಗೂ ಸಮಾಜ ಕಾರ್ಯಕರ್ತರಿಗೂ ತಿಳಿಸಿದರೆ ರೋಗಿಯ ನಿದ್ದೆಗೆ ಅದರಿಂದ ಸಹಾಯವಾಗುತ್ತದೆ. ಹಾಗೆ ತಿಳಿಸಿದ್ದನ್ನು ವೈದ್ಯರು ಗಣನೆಗೆ ತೆಗೆದುಕೊಂಡು, "ನೀವು ಹೇಳಿದ್ದು ಒಳ್ಳೆಯದಾಯಿತು" ಎಂದು ಮರಳಿ ಹೇಳಬೇಕು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.

ಸಭೆ ಮಾಡುವುದಾದರೆ ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ಅಕ್ಟೋಬರ್ ತಿಂಗಳ ಎರಡನೇ ಶನಿವಾರ ವಿಶ್ವ ಉಪಶಾಮಕ ಆರೈಕೆ ದಿನ. ಬಸ್ ಖರ್ಚು, ಊಟ ಕೊಡಿ. ಕೈಯಿಂದ ಹಾಕಿಕೊಂಡು ಬರುವವರು ನಾಲ್ಕು ತಿಂಗಳಲ್ಲಿ ಸದ್ದಿಲ್ಲದೆ ನಿಂತುಬಿಡುತ್ತಾರೆ.

ಸ್ವಯಂಸೇವಕರನ್ನು ಹೊಗಳಿದರೆ ನರ್ಸ್‌ಗಳಿಗೆ ಬೇಸರವಾಗುತ್ತದೆಯೇ?

ಆಗುತ್ತದೆ, ಅದಕ್ಕೆ ಕಾರಣವೂ ಇದೆ. ವಾರಕ್ಕೆರಡು ಗಂಟೆ ಬಂದವರಿಗೆ ಹಾರ, ವಾರಕ್ಕೆ ಆರು ದಿನ ನಿಂತವರಿಗೆ ಏನೂ ಇಲ್ಲ ಎಂದಾಗ ಯಾರಿಗಾದರೂ ನೋವಾಗುತ್ತದೆ. ಒಂದೇ ದಿನ, ಒಂದೇ ವೇದಿಕೆಯಲ್ಲಿ ಇಬ್ಬರನ್ನೂ ಕರೆಯಿರಿ.

## ಆಸ್ಪತ್ರೆಯ ಆಡಳಿತದವರು ಕೇಳುವುದು

"ತಿಂಗಳ ಉತ್ತಮ ನರ್ಸ್" ಎಂದು ಶುರು ಮಾಡಿದೆವು. ಮೂರನೇ ತಿಂಗಳಿಗೆ ಎಲ್ಲರ ಮುಖವೂ ಬಾಡಿತ್ತು. ಎಲ್ಲಿ ಎಡವಿದೆವು?

ಹೆಚ್ಚಿನ ಕಡೆ ಎಡವುವುದು ಆಯ್ಕೆಯಲ್ಲಿ. ಮುಖ್ಯಸ್ಥರು ತಮಗೆ ದಿನವೂ ಕಾಣಿಸುವವರನ್ನು ಆರಿಸುತ್ತಾರೆ, ಅಂದರೆ ಬೆಳಗಿನ ಪಾಳಿಯವರನ್ನು, ಕಚೇರಿಯ ಹತ್ತಿರದ ವಾರ್ಡಿನವರನ್ನು. ಅಸಮಾಧಾನ ಎದ್ದ ಮೇಲೆ ಸರದಿಯ ಪ್ರಕಾರ ಕೊಡಲು ತೊಡಗುತ್ತಾರೆ. ಆಗ ಪ್ರಶಸ್ತಿಗೆ ಬೆಲೆಯೇ ಇರುವುದಿಲ್ಲ.

ಆಯ್ಕೆಗೆ ಆಧಾರ ರೋಗಿಗಳ ಪತ್ರಗಳೂ ಸಹೋದ್ಯೋಗಿಗಳ ಬರಹವೂ ಆಗಿರಲಿ. ಎಷ್ಟು ಪತ್ರ ಬಂದವು ಎಂದು ಎಣಿಸಬೇಡಿ. ಹೆರಿಗೆ ವಾರ್ಡಿಗೆ ಬರುವಷ್ಟು ಪತ್ರ ಐಸಿಯುಗೆ ಬರುವುದಿಲ್ಲ, ಶಸ್ತ್ರಚಿಕಿತ್ಸಾ ಕೊಠಡಿಗೆ ಬರುವುದೇ ಇಲ್ಲ; ಅಲ್ಲಿನ ಎಷ್ಟೋ ರೋಗಿಗಳಿಗೆ ಪ್ರಜ್ಞೆಯೇ ಇರುವುದಿಲ್ಲ. ಉಪಕರಣಗಳನ್ನು ಸೋಂಕುರಹಿತವಾಗಿಸುವ ವಿಭಾಗದವರನ್ನು ಯಾವ ರೋಗಿಯೂ ಜೀವಮಾನದಲ್ಲಿ ಕಾಣುವುದಿಲ್ಲ, ಅವರು ತಪ್ಪಿದರೆ ಮಾತ್ರ ಎಲ್ಲರ ಗಾಯವೂ ಕೀವಾಗುತ್ತದೆ. ಇಂಥವರ ಪರವಾಗಿ ಶಸ್ತ್ರಚಿಕಿತ್ಸಕರೇ ಬರೆಯಬೇಕು. ಆಯ್ಕೆ ಸಮಿತಿಯಲ್ಲಿ ಗ್ರೂಪ್ ಡಿ ನೌಕರರೊಬ್ಬರು ಇರಲಿ. ಆಯ್ಕೆಯಾದವರು ಮಾಡಿದ ಕೆಲಸವನ್ನು ಪೂರ್ತಿಯಾಗಿ ಓದಿ ಹೇಳಿ. ಕಾರಣ ಕೇಳಿದ ಮೇಲೆ ಉಳಿದವರು ಸಾಮಾನ್ಯವಾಗಿ ಒಪ್ಪುತ್ತಾರೆ. ತಿಂಗಳಿಗೊಂದು ಕೊಡಲೇಬೇಕೆಂಬ ಹಟ ಬೇಡ. ಹೃದಯ ನಿಂತ ರೋಗಿಯನ್ನು ಉಳಿಸಿಕೊಂಡಂಥ ಸಂದರ್ಭದಲ್ಲಿ ಇಡೀ ತಂಡಕ್ಕೆ ಕೊಡಿ, ಆಮ್ಲಜನಕದ ಸಿಲಿಂಡರ್ ಹೊತ್ತು ಓಡಿಬಂದವನನ್ನೂ ಸೇರಿಸಿ.

ಸಮಾರಂಭದ ಬಗ್ಗೆ ಒಂದು ಮಾತು. ಗಣ್ಯರೆಲ್ಲ ಕುಳಿತು ಎರಡು ಗಂಟೆ ಭಾಷಣ ಮಾಡಿ, ಕೊನೆಗೆ ರಾತ್ರಿ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ನಿಂತ ಸಿಸ್ಟರ್‌ಗೆ ಅರ್ಧ ನಿಮಿಷದಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಡುವುದು ನನಗೆ ತೀರಾ ನೋವಿನ ದೃಶ್ಯ. ಪಾಳಿ ಬದಲಾಗುವ ಹೊತ್ತಿಗೆ ಅವರ ವಾರ್ಡಿಗೇ ಹೋಗಿ, ಸಹೋದ್ಯೋಗಿಗಳೆದುರು ಪತ್ರ ಓದಿ, ಚಪ್ಪಾಳೆ ತಟ್ಟಿ. ಹತ್ತು ನಿಮಿಷ ಸಾಕು.

ಹೊರಗುತ್ತಿಗೆಯವರು ನಮ್ಮ ನೌಕರರಲ್ಲ. ಅವರಿಗೆ ಪ್ರಶಸ್ತಿ ಕೊಡಲು ಅವಕಾಶವಿಲ್ಲ ಎನ್ನುತ್ತಾರೆ. ಏನು ಮಾಡುವುದು?

ಸೇವಾ ಪುಸ್ತಕವೇ ಇಲ್ಲದವರಿಗೆ ಅದರಲ್ಲಿ ನಮೂದು ಮಾಡಲಾಗದು ಎಂಬುದು ಸರಿ. ಆದರೆ ಆಸ್ಪತ್ರೆಯ ಮುಖ್ಯಸ್ಥರು ತಮ್ಮ ಸಹಿ, ಮೊಹರಿನೊಂದಿಗೆ ಪ್ರಶಂಸಾ ಪತ್ರ ಕೊಡಲು ಯಾವ ಅಡ್ಡಿಯೂ ಇಲ್ಲ. ಟೆಂಡರ್ ಬದಲಾಗಿ ಹೊಸ ಏಜೆನ್ಸಿ ಬಂದಾಗ ಹಳಬರಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂಬ ಮಾತು ಏಳುತ್ತದೆ. ಆಗ ಆ ಪತ್ರ ಅವರ ಪರವಾಗಿ ನಿಲ್ಲುತ್ತದೆ. ಆಸ್ಪತ್ರೆಯ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಹೆಸರು ಓದಿ ನಡಾವಳಿಯಲ್ಲಿ ಸೇರಿಸಿ.

ಹಾಗೆಂದು ಚಪ್ಪಾಳೆ ಸಂಬಳದ ಜಾಗ ತುಂಬುವುದಿಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಗೌರವ ನೀಡಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಧರಣಿ ಕೂರಬೇಕಾಯಿತು. ಮೂರು ತಿಂಗಳ ವೇತನ ಬಾಕಿ ಇಟ್ಟುಕೊಂಡು ಫಲಕ ಕೊಡಲು ಹೊರಟಿದ್ದರೆ, ದಯವಿಟ್ಟು ಮೊದಲು ಏಜೆನ್ಸಿಯನ್ನು ಕರೆದು ಬಾಕಿ ತೀರಿಸಿ.

ನಮಗೆ ಕಾಯಕಲ್ಪ ಪ್ರಶಸ್ತಿ ಬಂದಿದೆ. ಹಣದಲ್ಲಿ ಸಿಬ್ಬಂದಿಗೆ ಪಾಲಿದೆಯೇ?

ಇದೆ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ತಂದ ಯೋಜನೆ ಇದು. ಬಹುಮಾನದ ಮುಕ್ಕಾಲು ಭಾಗ ಆಸ್ಪತ್ರೆಯ ಸುಧಾರಣೆಗೆ, ಕಾಲು ಭಾಗ ಸಿಬ್ಬಂದಿಯ ಪ್ರೋತ್ಸಾಹಕ್ಕೆ. ಶೌಚಾಲಯ ತೊಳೆದವರು, ಕಸವನ್ನು ಬಣ್ಣದ ಚೀಲಗಳಿಗೆ ಬೇರ್ಪಡಿಸಿದವರು ಆ ಕಾಲು ಭಾಗದಲ್ಲಿ ಮೊದಲಿಗರಾಗಿರಲಿ.

## ಸರ್ಕಾರದ ಪ್ರಶಸ್ತಿಗಳು

ನರ್ಸ್‌ಗಳಿಗೆ ರಾಷ್ಟ್ರ ಮಟ್ಟದ ಪ್ರಶಸ್ತಿ ಯಾವುದು? ಅದಕ್ಕೆ ನಾವು ಏನು ಮಾಡಬಹುದು?

1973ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸ್ಥಾಪಿಸಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ. ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12. ಅಂತರರಾಷ್ಟ್ರೀಯ ದಾದಿಯರ ದಿನವೂ ಅದೇ. ಆಸ್ಪತ್ರೆಯ ನರ್ಸ್‌ಗಳ ಜೊತೆಗೆ ಹಳ್ಳಿಗಳಲ್ಲಿ ದುಡಿಯುವ ಎಎನ್‌ಎಂಗಳೂ (ಹೆರಿಗೆ, ಲಸಿಕೆ ನೋಡಿಕೊಳ್ಳುವ ಸಹಾಯಕ ದಾದಿಯರು) ಮಹಿಳಾ ಆರೋಗ್ಯ ಸಂದರ್ಶಕಿಯರೂ ಇದಕ್ಕೆ ಅರ್ಹರು. ರಾಷ್ಟ್ರಪತಿಗಳು ಪ್ರದಾನ ಮಾಡುತ್ತಾರೆ. ರಾಜ್ಯ ಸರ್ಕಾರಿ ನೌಕರರಾದರೆ ಸರ್ವೋತ್ತಮ ಸೇವಾ ಪ್ರಶಸ್ತಿಯೂ ಉಂಟು. ಎಲ್ಲೆಡೆಯೂ ಅರ್ಜಿಯ ಜೊತೆ ಸೇವೆಯ ಪುರಾವೆ ಬೇಕು, ಸ್ವೀಕೃತಿ ಮುದ್ರೆಯಿರುವ ಹತ್ತು ಪತ್ರಗಳು ಅಲ್ಲಿ ಬಲ ಕೊಡುತ್ತವೆ.

ನಮ್ಮೂರಿನ ಸರ್ಕಾರಿ ಆಸ್ಪತ್ರೆಯ ಸಿಸ್ಟರ್‌ಗೆ ಪದ್ಮಶ್ರೀ ಕೊಡಿಸಬೇಕು. ಹೆಸರು ಸೂಚಿಸಬಹುದೇ?

ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು. ಆದರೆ ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಅದು ಸಲ್ಲುವುದಿಲ್ಲ. ವೈದ್ಯರಿಗೆ, ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ. ಒಂದೇ ವಾರ್ಡಿನಲ್ಲಿ ದುಡಿಯುವ ವೈದ್ಯರಿಗೆ ತೆರೆದ ಬಾಗಿಲು ನರ್ಸ್‌ಗೆ ಮುಚ್ಚಿರುವುದು ನ್ಯಾಯವಲ್ಲ, ಈ ನಿಯಮ ಬದಲಾಗಬೇಕು. ಅಲ್ಲಿಯವರೆಗೆ ನಿವೃತ್ತರಾದವರು, ಖಾಸಗಿ ಮತ್ತು ಧರ್ಮಾರ್ಥ ಆಸ್ಪತ್ರೆಗಳವರು, ಸ್ವಯಂಸೇವಕರ ಹೆಸರು ಸೂಚಿಸಿ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಕಲಿಯದ ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ್ದರು ಎಂದು ಹೆಸರಾದವರು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು, ವಯಸ್ಸು 98. ಮರಣೋತ್ತರವಾಗಿ ಪದ್ಮ ಕೊಡುವುದು ತೀರಾ ವಿರಳ. ನಿಮ್ಮ ಮನಸ್ಸಿನಲ್ಲಿರುವವರು ಹಿರಿಯರಾಗಿದ್ದರೆ ಈ ವರ್ಷವೇ ಕುಳಿತು ಬರೆಯಿರಿ. ವಿವರಣೆಗೆ 800 ಪದಗಳ ಮಿತಿ ಇದೆ. ಅವರಿಂದ ಆರೈಕೆ ಪಡೆದವರನ್ನು ಊರೂರಿಗೆ ಹೋಗಿ ಕಂಡು, ಯಾವ ವರ್ಷ, ಎಲ್ಲಿ, ಏನಾಯಿತು ಎಂದು ಕೇಳಿ ಬರೆದುಕೊಳ್ಳುವುದರಿಂದ ಆರಂಭಿಸಿ.